ಎಣಿಸದ ಉಸಿರು

ಮಾರ್ಚ್ ೧೧, ಮಂಗಳವಾರ

ಕಾಲೇಜಿನವರು ಕೊಟ್ಟ ಹಾಳು ಫಾರಂ ಇನ್ನೂ ಖಾಲಿಯಿದೆ. ‘ನರ್ಸಿಂಗ್ ವಿದ್ಯಾರ್ಥಿಗಳೇ, ನೀವು ಎಐಯನ್ನು ನಂಬುತ್ತೀರಾ?’

ಬೆಳಿಗ್ಗೆ ವಾರ್ಡಿನ ಎಐ ಆರನೇ ಹಾಸಿಗೆಯ ಅಜ್ಜನಿಗೆ ಅಪಾಯವಿಲ್ಲವೆಂದು ಹಸಿರು ತೋರಿಸುತ್ತಿತ್ತು. ಸಿಸ್ಟರ್ ಒಮ್ಮೆ ನೋಡಿದವರೇ, "ಏನೇ ಇದು, ಅಜ್ಜ ಹೀಗೆ ಏದುಸಿರು ಬಿಡ್ತಿದ್ದಾರೆ!" ಎಂದು ಆಕ್ಸಿಜನ್ ಹಾಕಿದರು. ಈಗ ಪರವಾಗಿಲ್ಲವಂತೆ.

"ಮಷೀನ್ ನಂಬ್ಕೊಂಡ್ರೆ ಮುಗೀತು ನಮ್ಮ ಕಥೆ," ಎನ್ನುತ್ತಾ ರೂಮ್‌ಮೇಟ್ ‘ಇಲ್ಲ’ ಎಂದು ಬರೆದು ಮಲಗಿಬಿಟ್ಟಳು.

ಆದರೆ ಅಜ್ಜನ ಉಸಿರಿನ ಲೆಕ್ಕವನ್ನು ಅದಕ್ಕೆ ಕೊಟ್ಟವಳು ನಾನು. ಒಂದು ನಿಮಿಷ ನಿಂತು ಎಣಿಸಲು ಸೋಮಾರಿತನ. ಎಲ್ಲರಿಗೂ ಹಾಕುವಂತೆ ಅವರಿಗೂ ಇಪ್ಪತ್ತು ಎಂದು ಹಾಕಿದೆ. ಸಿಸ್ಟರಿಗೆ ಹೇಳಲೋ ಬೇಡವೋ, ತಲೆಯೇ ಓಡುತ್ತಿಲ್ಲ. ಫಾರಮ್ಮಿನಲ್ಲಿ ಏನು ಬರೆಯಲಿ? ಎಐಯನ್ನು ನಾನು ನಂಬುತ್ತೇನೋ ಇಲ್ಲವೋ ಗೊತ್ತಿಲ್ಲ. ಅದಂತೂ ನನ್ನನ್ನು ನಂಬಿತ್ತು.