ಎರಡನೆಯ ಕೈ

ಅಟಾಫು, ಟೊಕೆಲಾವ್
೧೨ ಜುಲೈ ೧೯೮೭

ನನ್ನ ಮುದ್ದು ಟಿನಿಯೆಲು,

ಹೇಗಿದ್ದೀಯಪ್ಪಾ? ನ್ಯೂಜಿಲೆಂಡಿನ ಚಳಿಗೆ ಕಿವಿನೋವು ಮರುಕಳಿಸಿಲ್ಲ ತಾನೆ? ದಾರಿ ತಪ್ಪಿದ ದೋಣಿ ಹುಡುಕುತ್ತ ಹನ್ನೊಂದು ಗಂಟೆ ವಿಮಾನದ ಕಿಟಕಿಗೆ ಮುಖ ಆನಿಸಿ ಸಮುದ್ರ ನೋಡುವವನು ಹೊಟ್ಟೆಗೆ ಏನು ತಿನ್ನುತ್ತೀಯೋ ಎಂಬುದೇ ನನ್ನ ಚಿಂತೆ. ನಾವು ಚೆನ್ನಾಗಿದ್ದೇವೆ. ನಿನ್ನಪ್ಪನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. "ನಿನ್ ಮಗ ಮನೆ ಮೇಲೆ ಹಾರ್ತಾನೆ, ಮನೆಗೆ ಮಾತ್ರ ಬರಲ್ಲ" ಅನ್ನುತ್ತಾರೆ. ವಿಮಾನ ಇಳಿಯಲು ಇಲ್ಲಿ ನೆಲವೆಲ್ಲಿದೆ ಎಂದು ನಾನೇ ನಿನ್ನ ಪರ ವಾದಿಸುತ್ತೇನೆ.

ನಿನ್ನ ಕಾಗದ ಹಡಗಿನಲ್ಲಿ ಬಂತು. ಸಮುದ್ರದಲ್ಲಿ ಕಳೆದುಹೋಗಿದ್ದ ಪಕ್ಕದ ದ್ವೀಪ ನುಕುನೊನುವಿನ ಮೂವರು ಬದುಕಿ ಬಂದದ್ದು ದೇವರ ದಯೆ. ಅವರನ್ನು ಹುಡುಕುತ್ತಿದ್ದ ನಿಮ್ಮ ವಿಮಾನ ನಮ್ಮ ದಂಡೆಯಲ್ಲಿ ಯಾರೋ ಕೆಂಪು ಬಟ್ಟೆ ಬೀಸಿ ಅಪಾಯದ ಸನ್ನೆ ಮಾಡಿದ್ದು ಕಂಡು ನಾಲ್ಕು ಸುತ್ತು ಹಾಕಿತಂತೆ, ಇಂಧನ ಸಾಲದೆ ಹುಡುಕಾಟ ಬಿಟ್ಟು ಮರಳಿತಂತೆ, ಪಾಪ ಅವರು ಇನ್ನೂ ಒಂದು ದಿನ ನೀರಿಲ್ಲದೆ ತೇಲಿದರಂತೆ. ಸನ್ನೆ ಕಂಡವನು ನೀನೊಬ್ಬನೇ. ಊರು ನೋಡುವ ಆಸೆಗೆ ನೀನು ಸುಳ್ಳು ಹೇಳಿದೆ ಎಂದು ನಿನ್ನ ಮೇಲಧಿಕಾರಿಗೆ ಅನುಮಾನ. ಬೀಸಿದವರು ಯಾರೆಂದು ತಿಳಿಯದಿದ್ದರೆ ಹಾರಾಟದಿಂದಲೇ ನಿನ್ನನ್ನು ಇಳಿಸುತ್ತಾರೆ ಎಂದು ಓದಿ ಕಾಗದವನ್ನು ನಿನ್ನಪ್ಪನ ಕೈಗಿಟ್ಟೆ.

ನಿನ್ನಪ್ಪ ಊರ ಹಿರಿಯ ಲೆಪಾಯೊಗೆ ಹೇಳಿದರು. ಶನಿವಾರ ಊರಿಗೆಲ್ಲ ಮೀನು ಹಂಚುವ ಹೊತ್ತಿಗೆ ಆತ ಬುಟ್ಟಿಗೆ ಅಡ್ಡ ನಿಂತು, "ಕೆಂಪು ಬಟ್ಟೆ ಬೀಸಿದೋರು ಯಾರು? ಹೇಳಿ, ಆಮೇಲೆ ಮೀನು" ಎಂದ. ಎಲ್ಲರೂ ಮರಳು ನೋಡುತ್ತ ಕೂತೆವು. ಬಿಸಿಲೇರಿತು. ಕೊನೆಗೆ ಮಕ್ಕಳ ಚೇಷ್ಟೆ ಇರಬೇಕೆಂದು ಗೊಣಗಿ ಹಂಚಿದ. ನಮ್ಮ ಪಾಲಿಗೆ ಒಳ್ಳೆಯ ಮೀನೇ ಬಂತು, ನನಗೆ ಹಸಿವಿರಲಿಲ್ಲ.

ದೇವರು ನಿನ್ನ ಕಣ್ಣು ಕಾಯಲಿ. ಜೊತೆಯವರಿಗೆಲ್ಲ ನನ್ನ ಆಶೀರ್ವಾದ ಹೇಳು.

ನಿನ್ನ ಅಮ್ಮ,
ಮೆಲೆ

ತಾ.ಕ. ಇದನ್ನು ಬರೆಯಲು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಮಗೂ. ಹಡಗು ಹೊರಡುತ್ತಿದೆ, ಬೇಗ ಬರೆಯುತ್ತೇನೆ. ಬೀಸಿದವಳು ನಾನೇ. ಒಂದು ಕೈ ಬೀಸಿದರೆ ಕ್ಷೇಮ, ಎರಡೂ ಕೈ ಎತ್ತಿ ಇಳಿಸಿದರೆ ಅಪಾಯ ಎಂದು ಊರು ಬಿಟ್ಟು ಹೋಗುವ ಮುಂಚೆ ನೀನೇ ಅಂಗಳದಲ್ಲಿ ನಿಲ್ಲಿಸಿ ಕಲಿಸಿದ್ದೆ. ವಿಮಾನದಲ್ಲಿ ನೀನಿರಬಹುದೆಂದು ಮೊದಲು ಕೆಂಪು ಬಟ್ಟೆ ಹಿಡಿದು ಒಂದೇ ಕೈ ಬೀಸಿದೆ. ವಿಮಾನ ಹೊರಟೇಬಿಟ್ಟಿತು. ಆರು ವರ್ಷವಾಗಿತ್ತು ನಿನ್ನನ್ನು ನೋಡಿ. ಎರಡನೆಯ ಕೈಯೂ ಎದ್ದಿತು. ಲೆಪಾಯೊಗೆ ಇವತ್ತೇ ಹೇಳುತ್ತೇನೆ, ಆ ಮೂವರ ಕಾಲಿಗೂ ಬೀಳುತ್ತೇನೆ. ಇದನ್ನು ನಿನ್ನ ಅಧಿಕಾರಿಗೆ ಓದಿ ಹೇಳು. ಕೊನೆಯ ಸಾಲು ಮಾತ್ರ ಹರಿದು ಇಟ್ಟುಕೊ, ಅದು ಅವರಿಗಲ್ಲ.

ನಾಲ್ಕನೆಯ ಸುತ್ತಿನಲ್ಲಿ ಕಿಟಕಿಗೆ ಒತ್ತಿದ ಅಂಗೈ ಕಂಡಿತು, ಅದು ನಿನ್ನದೇ ತಾನೆ?