ಹದಿನಾಲ್ಕನೇ ಪುಟದ ಎರಡನೆಯವಳು

ಹಿರಿಯರ ಆರೈಕೆ ಇಲಾಖೆಯ ನಿರ್ದೇಶಕರಾದ ಮಾನ್ಯರೇ,

ತಾವು ಮನೆಮನೆಗೆ ಹಂಚಿದ ಆರೈಕೆಯ ಕೈಪಿಡಿಯನ್ನು ಓದಿ ನನ್ನ ಅಮ್ಮ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ. ಈ ಸಾಧನೆ ತಮ್ಮ ವಾರ್ಷಿಕ ವರದಿಯಲ್ಲಿ ಸೇರಲಿಕ್ಕಿಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ.

ಕಾಗದ ನುಣುಪು, ಅಕ್ಷರ ದಪ್ಪ, ಸಂತೋಷ. ದಿನಕ್ಕೆ ಎಂಟು ಲೋಟ ನೀರು ಕುಡಿಸಿ ಎನ್ನುತ್ತದೆ ಒಂಬತ್ತನೇ ಪುಟ. ಹಿರಿಯರನ್ನು ಒಬ್ಬರೇ ಎತ್ತಲೇಬಾರದು, ಎರಡನೆಯವರ ನೆರವು ಪಡೆಯಿರಿ ಎನ್ನುತ್ತದೆ ಹದಿನಾಲ್ಕನೇ ಪುಟ. ಜೊತೆಗೊಂದು ಚಿತ್ರ: ಮಂಚದ ಎರಡೂ ಬದಿಗೆ ನಗುನಗುತ್ತಾ ನಿಂತ ಇಬ್ಬರು ಹೆಂಗಸರು. ನಮ್ಮ ಮಂಚದ ಒಂದು ಬದಿಗೆ ಗೋಡೆಯಿದೆ, ಇನ್ನೊಂದು ಬದಿಗೆ ನಾನಿದ್ದೇನೆ. ಎರಡನೆಯವರನ್ನು ಗೋಡೆಯೊಳಗಿಂದ ಕರೆಯಲೇ?

ನಲವತ್ತು ವರ್ಷ ಬಟ್ಟೆ ಹೊಲಿದ ಅಮ್ಮ ಚಿತ್ರವನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದಳು. “ಇಬ್ಬರ ಅಂಗೀಲೂ ಒಂದು ಸುಕ್ಕಿಲ್ಲ ಕಣೇ. ಇವರು ಯಾರನ್ನೂ ಎತ್ತಿದವರಲ್ಲ!” ನಕ್ಕೆವು. ಮರುದಿನದಿಂದ ಅವಳ ಲೋಟ ತುಂಬಿದ್ದು ತುಂಬಿದಂತೆಯೇ ಉಳಿಯತೊಡಗಿತು. ಹಿಂದಿನ ತಿಂಗಳಷ್ಟೇ ಅವಳನ್ನು ಬಚ್ಚಲಿಗೆ ಕರೆದೊಯ್ಯುವಾಗ ಇಬ್ಬರೂ ಬಿದ್ದಿದ್ದೆವು. ನನ್ನ ಸೊಂಟಕ್ಕೆ ಇನ್ನೂ ಪಟ್ಟಿಯಿದೆ. ಗದರಿದರೆ, “ಕುಡಿದ್ರೆ ತಾನೇ ಏಳ್ಬೇಕು? ನೀನು ಬಿದ್ರೆ ಎತ್ತೋಕೆ ನಾನು ಬರ್ಲಾ?” ಎಂದಳು. ತಮ್ಮ ಎರಡು ಪುಟಗಳನ್ನು ಜೋಡಿಸಿ ಹೊಲಿದವಳು ಅವಳೊಬ್ಬಳೇ. ಈಗ ನಾಲಿಗೆ ಒಣಗಿದೆ, ಮೂತ್ರ ಉರಿಯುತ್ತದೆ, ಸಂಜೆಯ ಹೊತ್ತಿಗೆ ನನ್ನನ್ನೇ “ನೀನ್ಯಾರಮ್ಮಾ?” ಎಂದು ಕೇಳುತ್ತಾಳೆ. ಮೈಯಲ್ಲಿ ನೀರಿಲ್ಲದಿದ್ದರೆ ಹೀಗೇ ಎಂದರು ವೈದ್ಯರು.

ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ.

“ಮನೇಲಿ ಬೇರೆ ಯಾರೂ ಇಲ್ವಾ ಮೇಡಂ?”

“ಇಲ್ಲ.”

“ಪಕ್ಕದ ಮನೆಯವರು?”

“ದಿನಕ್ಕೆ ಆರು ಸಲ ಕರೆದ್ರೆ ಅವರು ಮನೆ ಖಾಲಿ ಮಾಡ್ತಾರೆ.”

“ಹಾಗಾದ್ರೆ ಒಂದ್ಸಲ ಹದಿನಾಲ್ಕನೇ ಪುಟ ನೋಡಿ ಮೇಡಂ.”

ಬಾಯಾರಿದವರಿಗೆ ಬಾವಿಯ ಚಿತ್ರ ತೋರಿಸುವುದಕ್ಕೂ ಒಂದು ಇಲಾಖೆ ಬೇಕೇ? ಕವಿತೆಯಲ್ಲಿ ಹೇಳದೆ ಬಿಟ್ಟದ್ದನ್ನು ಓದುಗರಾದ ನಾವು ಮನಸ್ಸಿನಲ್ಲೇ ತುಂಬಿಕೊಳ್ಳುತ್ತೇವೆ. ತಾವು ಕೈಪಿಡಿಯಲ್ಲಿ ಬಿಟ್ಟದ್ದನ್ನು ಅಮ್ಮ ತನ್ನ ಮೈಯಿಂದ ತುಂಬಿಸುತ್ತಿದ್ದಾಳೆ.

ನನ್ನ ಬೇಡಿಕೆ ಸಣ್ಣದು. ಚಿತ್ರದ ಬಲಗಡೆ ನಿಂತಿರುವ ನೀಲಿ ಅಂಗಿಯ ಹೆಂಗಸನ್ನು ದಿನಕ್ಕೆರಡು ಬಾರಿ ನಮ್ಮ ಮನೆಗೆ ಕಳುಹಿಸಿ. ಅಂಗಿ ಸುಕ್ಕಾದರೆ ಇಸ್ತ್ರಿ ನನ್ನದು. ಅಂಥವರು ಇಲಾಖೆಯಲ್ಲಿ ಇಲ್ಲವೇ? ಹಾಗಾದರೆ ಮುಂದಿನ ಮುದ್ರಣದಲ್ಲಿ ಆಕೆಯನ್ನು ಅಳಿಸಿ, ಮಂಚವನ್ನು ಗೋಡೆಗೆ ಒತ್ತಿ, ಒಬ್ಬಳೇ ಎತ್ತುವುದು ಹೇಗೆಂದು ಬರೆಯಿರಿ. ಬರೆಯುವ ಮುನ್ನ ತಾವೇ ಬಂದು ಒಮ್ಮೆ ಎತ್ತಿ ನೋಡಿ. ಕುಡಿಯಲು ನೀರು ಕೊಡುತ್ತೇನೆ. ಅಮ್ಮನ ಲೋಟ ತುಂಬಿಯೇ ಇದೆ.

ಇಂತಿ,
ಅದೇ ಚಿತ್ರದ ಎಡಗಡೆಯವಳು,
ಆ ನಗುವೊಂದನ್ನು ಬಿಟ್ಟು