ಕವಳೆ ಗಿಡದ ಜಾಗ

ನವೆಂಬರ್ 21, ಬೆಳಿಗ್ಗೆ

ಅಕ್ಕಿ ತೊಳೆದ ನೀರು ಹಿತ್ತಿಲ ಕವಳೆ ಗಿಡಕ್ಕೆ ಹಾಕಿದ್ದಾಯ್ತು. ಬಚ್ಚಲ ನೀರೂ ಅದಕ್ಕೇ. ಪಾವಗಡದಲ್ಲಿ ಇಷ್ಟು ನೀರು ಕುಡಿಯೋ ಭಾಗ್ಯ ಇನ್ಯಾವ ಗಿಡಕ್ಕಿದೆ? ಎಲೆ ವರ್ಷವಿಡೀ ಹಸಿರು, ಮುಳ್ಳು ಬೇಕಾದಷ್ಟು. ಆರು ವರ್ಷವಾದರೂ ಒಂದು ಹೂವಿಲ್ಲ!

ಮನೆಯವರಿಗೆ ಹೊಸ ಕಾರಿಗೆ ಶೆಡ್ ಬೇಕಂತೆ. ಅದೇ ಜಾಗದಲ್ಲಿ. "ಗೊಡ್ಡು ಗಿಡ ಕಣೇ. ಯುಗಾದಿವರ್ಗೂ ಟೈಮು. ಕಾಯಿ ಬಿಡ್ಲಿಲ್ಲ ಅಂದ್ರೆ ಕಿತ್ತಾಕ್ಬುಡ್ತೀನಿ."

ಕೀಳಲಿ ನೋಡೋಣ! ತವರೂರು ಕ್ಯಾತಗಾನಚೆರ್ಲುವಿನಲ್ಲಿ ಅಪ್ಪನ ಹೊಲದ ಬೇಲಿಯಿಂದ ತಂದ ಸಸಿ. ಚಿಕ್ಕಂದಿನಲ್ಲಿ ಆ ಕಪ್ಪು ಹಣ್ಣು ತಿಂದು ತುಟಿಯೆಲ್ಲ ಅಂಟು. ಈಗ ಹೊಲದ ತುಂಬ ಸೋಲಾರ್ ಪ್ಯಾನಲ್ಲು. ಆ ಬೇಲಿಯದು ಅಂತ ಉಳಿದಿರೋದು ಇದೊಂದೇ.

ಡಿಸೆಂಬರ್ 30

ನಾಳೆ ಶಿರಾಕ್ಕೆ. ಮಗಳು ಚೈತ್ರಳ ಎರಡನೇ ಹೆರಿಗೆ. ಬಾಣಂತನ ಮುಗಿಸಿಯೇ ವಾಪಸ್. ಗಿಡಕ್ಕೆ ದಿನಾ ನೀರು ಹಾಕಿ ಅಂತ ಇವರಿಗೆ ಹೇಳಿ ಹೇಳಿ ಬಾಯಿ ನೋವು. ಫೋನ್ ನೋಡ್ತಾ "ಹೂಂ ಹೂಂ" ಅಂದರು. ಕೋಣನ ಮುಂದೆ ಕಿನ್ನರಿ.

ಮಾರ್ಚ್ 9, ಮಧ್ಯಾಹ್ನ

ಬಂದೆ. ಬ್ಯಾಗ್ ಜಗಲಿ ಮೇಲೇ ಬಿಟ್ಟು ಹಿತ್ತಿಲಿಗೆ ಓಡಿದೆ. ಮಣ್ಣು ಬಿರುಕು ಬಿಟ್ಟಿದೆ! ಒಂದು ತಂಬಿಗೆ ನೀರು ಹಾಕಿಲ್ಲ ಪುಣ್ಯಾತ್ಮ. ಬಾಯಿಗೆ ಬಂದಂತೆ ಬೈದೆ. ಪಕ್ಕದ ಮನೆ ರಾಮಾಂಜಿನಮ್ಮ ಕಾಂಪೌಂಡ್ ಮೇಲಿಂದ ಇಣುಕಿ, "ಏಮಾಯೆ ಅಕ್ಕಾ? ಏನಾಯ್ತು? ಯಾಕಿಂಗ್ ಕೂಗ್ತೀಯ?" ಅಂದಳು. ಅಳು ಬಂತು. ಒಣಗಿದೆಯಾ ಅಂತ ಕೊಂಬೆ ಬಗ್ಗಿಸಿ ನೋಡಿದರೆ... ತುದಿಯಲ್ಲಿ ಏನೋ ಬೆಳ್ಳಗೆ.

ಮೊಗ್ಗು! ಗೊಂಚಲು ಗೊಂಚಲು!! ಬೈಗುಳ ಅರ್ಧಕ್ಕೇ ನಿಂತಿತು.

ಅದೇ ದಿನ, ಸಂಜೆ

ಈಗ ಹೊಳೆಯಿತು. ಬೇಲಿ ಕವಳೆಗೆ ಅಪ್ಪ ಯಾವತ್ತು ನೀರು ಹಾಕಿದ್ದರು? ಬಿಸಿಲು ತಿಂದು ಬೆಳೆಯೋ ಜಾತಿ ಅದು. ನೀರಿಗೆ ಬಾಯಿಬಿಡೋ ಊರಲ್ಲಿ ನೀರು ಕೊಡೋದೇ ಪ್ರೀತಿ ಅಂದುಕೊಂಡಿದ್ದೆ. ಕುಡಿಸಿ ಕುಡಿಸಿ ಬರೀ ಎಲೆ ಬೆಳೆಸಿದೆ.

ಇವರು ಮೀಸೆ ತಿರುವುತ್ತಾ, "ನಾನೇ ಅಲ್ವೇನೇ ಹೂ ಬಿಡ್ಸಿದ್ದು?" ಸೋಮಾರಿತನಕ್ಕೂ ಇಂಥ ಜಂಬ!

ಮಾರ್ಚ್ 28

ಕಾಯಿ!! ಮೆಣಸಿನ ಕಾಳಿನಷ್ಟು. ಕುಣಿಯೋಣ ಅನ್ನಿಸಿತು — ಕುಣಿದೆ. ಚೈತ್ರಳಿಗೆ ವಿಡಿಯೋ ಕಾಲ್.

ಇವರು ಬೆರಳು ಚಾಚಿ ಎಣಿಸೋಕೆ ಶುರು. ಕೈಮೇಲೆ ಒಂದು ಕೊಟ್ಟೆ. ಎಳೆಗಾಯಿಗೆ ಬೆರಳು ತೋರಿಸಿದರೆ ಉದುರುತ್ತೆ. ತೋರಿಸಲೇಬೇಕಿದ್ದರೆ ಮಡಚಿ ತೋರಿಸಬೇಕು. "ಬಿಎಸ್ಸಿ ಓದಿದೋಳು ನೀನು!" ಅಂತ ನಕ್ಕರು. ನಗಲಿ. ದೃಷ್ಟಿಗೆ ಹಳೇ ಪೊರಕೆಯನ್ನೂ ಕಟ್ಟಿದ್ದೇನೆ.

ಆದರೆ ಶೆಡ್ ಬೇಡ ಅಂತ ಮಾತ್ರ ಇನ್ನೂ ಅಂದಿಲ್ಲ. ಕೇಳೋಕೆ ನನಗೂ ಭಯ.

ಏಪ್ರಿಲ್ 2, ಹನ್ನೊಂದು ಗಂಟೆ

ಯುಗಾದಿ ಮುಗಿದಿದ್ದೇ ತಡ, ಮೇಸ್ತ್ರಿ ನರಸಿಂಹರಾಜು ಹಾರೆ ಸಮೇತ ಬಂದೇಬಿಟ್ಟ. "ಸಾ, ಕೀಳೋ ಗಿಡ ಯಾವ್ದು?"

ಇವರು ಕೈ ಎತ್ತಿ ಕವಳೆ ಕಡೆ ತೋರಿಸಿದರು. ತಡೆಯೋಕೆ ಓಡಿದೆ. ಆಮೇಲೆ ನೋಡುತ್ತೇನೆ — ಬೆರಳು ಮಡಚಿಕೊಂಡಿದೆ!

"ಅದನ್ನ ಮುಟ್ಬ್ಯಾಡ ಕಣಯ್ಯ, ಕಾಯಿ ಐತೆ. ಶೆಡ್ಡು ಆ ಕಡೆ ಹಾಕು."

ಅಯ್ಯೋ ನನ್ನಪ್ಪಾ! ಒಳಗೆ ಓಡಿಬಂದು ಖುಷಿಗೆ ಕಾಫಿಗೆ ಎರಡು ಸಲ ಸಕ್ಕರೆ ಸುರಿದೆ. ಅದನ್ನೇ ಕೊಟ್ಟು ಬಂದು ಬರೆಯುತ್ತಿದ್ದೇನೆ. ಹಾರೆ ಸದ್ದು ಕೇಳುತ್ತಿದೆ. ಆ ಕಡೆ... ಆ ಕಡೆ ಇರೋದು ನನ್ನ ಬಟ್ಟೆ ಒಗೆಯೋ ಕಲ್ಲಲ್ವಾ? ರೀ —